ಮನೆಯ ಗ್ಯಾರೇಜಿನಲ್ಲೇ ವಿಮಾನ: ಯಾವ ಯಂತ್ರ ಬೇಕು, ಯಾವುದು ಬೇಡ?

ವಿಮಾನವೆಂದರೆ ಬೋಯಿಂಗ್, ಏರ್‌ಬಸ್‌ನಂಥ ದೈತ್ಯ ಸಂಸ್ಥೆಗಳ ಕಾರ್ಖಾನೆಯಲ್ಲಿ, ಸಾವಿರಾರು ಎಂಜಿನಿಯರುಗಳ ಕಣ್ಗಾವಲಿನಲ್ಲಿ ಮಾತ್ರ ಹುಟ್ಟಬಲ್ಲ ವಸ್ತು ಎಂಬ ಭಾವನೆ ಜನಮಾನಸದಲ್ಲಿ ಬೇರೂರಿದೆ. ಆದರೆ ಅಮೆರಿಕದಲ್ಲಿ ದಂತವೈದ್ಯರು, ಶಾಲಾ ಶಿಕ್ಷಕರು, ಸಾಫ್ಟ್‌ವೇರ್ ತಂತ್ರಜ್ಞರು, ನಿವೃತ್ತ ರೈತರು ತಮ್ಮ ಕಾರನ್ನು ಬೀದಿಗೆ ಹೊರಡಿಸಿ, ತೆರವಾದ ಗ್ಯಾರೇಜಿನಲ್ಲಿ ಎರಡು ಅಥವಾ ನಾಲ್ಕು ಆಸನಗಳ ವಿಮಾನವನ್ನು ಕಟ್ಟುವುದು ದಶಕಗಳಿಂದ ನಡೆದುಬಂದಿದೆ. 1973ರಲ್ಲಿ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಸ್ಥಾಪಿಸಿದ, ಆರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯೊಂದರ ಕಿಟ್‌ಗಳಿಂದಲೇ 11 ಸಾವಿರಕ್ಕೂ ಹೆಚ್ಚು ವಿಮಾನಗಳು ಈವರೆಗೆ ಆಕಾಶಕ್ಕೇರಿವೆ ಎಂದರೆ ಈ ಹವ್ಯಾಸದ ವ್ಯಾಪ್ತಿ ಅರ್ಥವಾದೀತು.

ಇದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ವಿಮಾನದ ತಯಾರಿಕೆ ಮತ್ತು ಜೋಡಣೆಯ ಪ್ರಮುಖ ಭಾಗವನ್ನು ಹವ್ಯಾಸಿಯೇ ಕಲಿಕೆಗಾಗಿ ಅಥವಾ ಮನರಂಜನೆಗಾಗಿ ಮಾಡಿದ್ದರೆ, ಅದಕ್ಕೆ 'ಪ್ರಾಯೋಗಿಕ' ವರ್ಗದಲ್ಲಿ ಹಾರಾಟದ ಪ್ರಮಾಣಪತ್ರ ನೀಡಲು ಅಲ್ಲಿನ ಫೆಡರಲ್ ವಿಮಾನಯಾನ ಆಡಳಿತದ ನಿಯಮಗಳಲ್ಲಿ ಅವಕಾಶವಿದೆ. ಬಳಕೆಯ ಮಾತಿನಲ್ಲಿ ಇದಕ್ಕೆ 'ಶೇ. 51ರ ನಿಯಮ' ಎಂದೇ ಹೆಸರು. ಹೀಗೆ ಕಟ್ಟಿದ ವಿಮಾನದಲ್ಲಿ ಬಾಡಿಗೆಗೆ ಜನರನ್ನು ಕರೆದೊಯ್ಯುವಂತಿಲ್ಲ. ಒಳಗೆ ಎಚ್ಚರಿಕೆಯ ಫಲಕ ಕಡ್ಡಾಯ. ಮೊದಲ 25 ಅಥವಾ 40 ಗಂಟೆಗಳ ಪರೀಕ್ಷಾರ್ಥ ಹಾರಾಟವನ್ನು ಗೊತ್ತುಪಡಿಸಿದ ಪ್ರದೇಶದೊಳಗೇ ಮುಗಿಸಬೇಕು. 1953ರಲ್ಲಿ ಪಾಲ್ ಪೊಬೆರೆಜ್ನಿ ಮತ್ತು ಗೆಳೆಯರು ವಿಸ್ಕಾನ್ಸಿನ್ ರಾಜ್ಯದಲ್ಲಿ ಕಟ್ಟಿದ ಪ್ರಾಯೋಗಿಕ ವಿಮಾನ ಸಂಘ ಈ ಮಂದಿಯ ತವರುಮನೆ. ಪ್ರತಿ ಬೇಸಿಗೆಯಲ್ಲಿ ಆಶ್‌ಕಾಶ್ ಪಟ್ಟಣದಲ್ಲಿ ನಡೆಯುವ ಸಂಘದ ಜಾತ್ರೆಗೆ ಸಾವಿರಾರು ವಿಮಾನಗಳು ಬಂದಿಳಿಯುತ್ತವೆ. ಜಾತ್ರೆಯೆಂಬ ಪದ ಇಲ್ಲಿ ಉತ್ಪ್ರೇಕ್ಷೆಯಲ್ಲ.

ವಿಮಾನ ಕಟ್ಟಬೇಕೆಂಬ ಹಂಬಲ ಹುಟ್ಟಿದವರು ಕೇಳುವ ಮೊದಲ ಪ್ರಶ್ನೆ ಎಂಜಿನ್ನಿನದ್ದಲ್ಲ, ರೆಕ್ಕೆಯದ್ದೂ ಅಲ್ಲ. 'ಯಾವ ಯಂತ್ರೋಪಕರಣ ಕೊಳ್ಳಬೇಕು?' ಎಂಬುದೇ ಆ ಪ್ರಶ್ನೆ. ಅಂಗಡಿಯ ಕಪಾಟಿನಲ್ಲಿ ಹೊಳೆಯುವ ಡ್ರಿಲ್, ಗರಗಸ, ಗ್ರೈಂಡರ್‌ಗಳನ್ನು ಕಂಡು ಮರುಳಾಗಿ, ಮೊದಲ ರಿವೆಟ್ ಬಡಿಯುವ ಮುನ್ನವೇ ಜೇಬು ಬರಿದು ಮಾಡಿಕೊಂಡವರು ಕಡಿಮೆಯಿಲ್ಲ. ಅರ್ಧಕ್ಕೆ ನಿಂತು, ಧೂಳು ಹಿಡಿದು, ಕೊನೆಗೆ ಮಾರಾಟಕ್ಕೆ ಬರುವ ಕಿಟ್‌ಗಳ ಜತೆ ಬಹುತೇಕ ಬಳಸದ ಯಂತ್ರಗಳೂ ಬರುವುದು ಈ ವಲಯದಲ್ಲಿ ಪರಿಚಿತ ದೃಶ್ಯ. ಆದರೂ ಹಣ ಪೋಲಾಗುವುದು ಇಲ್ಲಿ ಸಣ್ಣ ಅಪಾಯ. ದೊಡ್ಡ ಅಪಾಯವಿರುವುದು ತೂತಿನಲ್ಲಿ!

ತೂತಿನಲ್ಲಿ ಅಡಗಿದ ಅಪಾಯ

ಅಲ್ಯುಮಿನಿಯಂ ವಿಮಾನವೊಂದರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ರಿವೆಟ್‌ಗಳಿರುತ್ತವೆ. ಪ್ರತಿ ರಿವೆಟ್‌ಗೂ ಒಂದು ತೂತು. ಹಾರಾಟದಲ್ಲಿ ರೆಕ್ಕೆ ಬಾಗಿ ನೇರವಾಗುವಾಗಲೆಲ್ಲ ಆ ತೂತಿನ ಅಂಚಿನಲ್ಲಿ ಒತ್ತಡ ಸಾಂದ್ರವಾಗುತ್ತದೆ. ಅಂಚು ನುಣುಪಾಗಿದ್ದರೆ ತಗಡು ದಶಕಗಳ ಕಾಲ ತಾಳುತ್ತದೆ. ಅಲ್ಲೊಂದು ಕಚ್ಚು, ಕೀರು ಅಥವಾ ಅರಗದೆ ಉಳಿದ ಲೋಹದ ಮುಳ್ಳು ಇದ್ದರೆ ಬಿರುಕು ಅಲ್ಲಿಂದಲೇ ಆರಂಭವಾಗುತ್ತದೆ.

ಇದು ಪುಸ್ತಕದ ಬದನೆಕಾಯಿಯಲ್ಲ. 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ನಡುವೆ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಮುಂಭಾಗದ ಛಾವಣಿ 24 ಸಾವಿರ ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಗಗನಸಖಿಯೊಬ್ಬರು ಪ್ರಾಣ ಕಳೆದುಕೊಂಡರು. ಉಳಿದವರು ಪವಾಡಸದೃಶವಾಗಿ ಬದುಕಿದರು. ತಗಡುಗಳ ನಡುವಿನ ಅಂಟು ಬಿಟ್ಟುಹೋಗಿ, ಭಾರವೆಲ್ಲ ರಿವೆಟ್‌ಗಳ ಮೇಲೆ ಬಿದ್ದು, ತೂತುಗಳ ಅಂಚಿನಿಂದ ಬಿರುಕುಗಳು ಹಬ್ಬಿದ್ದು ತನಿಖೆಯಲ್ಲಿ ಹೊರಬಿತ್ತು. ರಿವೆಟ್‌ನ ತಲೆ ಸಮನಾಗಿ ಕೂರಲೆಂದು ತಗಡನ್ನು ಇಳಿಜಾರಾಗಿ ಕೊರೆದಿದ್ದರಿಂದ ತೂತಿನ ಕೆಳ ಅಂಚು ಚಾಕುವಿನಲಗಿನಷ್ಟು ತೆಳುವಾಗಿತ್ತು ಎಂಬುದು ಆ ವರದಿಯ ಮುಖ್ಯ ಅಂಶಗಳಲ್ಲೊಂದು. ಆ ವಿಮಾನ 89 ಸಾವಿರಕ್ಕೂ ಹೆಚ್ಚು ಬಾರಿ ಏರಿಳಿದಿತ್ತು, ಗ್ಯಾರೇಜಿನ ವಿಮಾನ ಅಷ್ಟು ಹಾರುವುದಿಲ್ಲ ಎಂಬುದು ನಿಜವೇ. ಆದರೆ ಲೋಹದ ಸ್ವಭಾವ ಎರಡಕ್ಕೂ ಒಂದೇ.

ಹವ್ಯಾಸಿಗಳ ಲೋಕದಲ್ಲೇ ಇದರ ಇನ್ನೊಂದು ಪಾಠ 2023ರಲ್ಲಿ ಸಿಕ್ಕಿತು. ವ್ಯಾನ್ಸ್ ಸಂಸ್ಥೆಯ ಕಿಟ್‌ಗಳಲ್ಲಿ ಕೆಲವು ಬಿಡಿಭಾಗಗಳ ತೂತುಗಳನ್ನು ಎಂದಿನಂತೆ ಪಂಚ್ ಮಾಡುವ ಬದಲು ಲೇಸರ್‌ನಿಂದ ಕತ್ತರಿಸಲಾಗಿತ್ತು. ಅಂಥ ತೂತುಗಳನ್ನು ರಿವೆಟ್‌ಗಾಗಿ ಒತ್ತಿ ತಗ್ಗುಮಾಡಿದಾಗ ಅಂಚಿನಲ್ಲಿ ಸಣ್ಣ ಬಿರುಕುಗಳು ಕಾಣಿಸಿಕೊಂಡವು. ಭಾಗಗಳನ್ನು ಬದಲಿಸಿಕೊಡುವ ಹೊರೆ ಸಂಸ್ಥೆಯ ಮೇಲೆ ಬಿತ್ತು. ಇದೂ ಸೇರಿದಂತೆ ಹಲವು ಆರ್ಥಿಕ ಒತ್ತಡಗಳಿಂದ ಅದು 2023ರ ಡಿಸೆಂಬರ್‌ನಲ್ಲಿ ದಿವಾಳಿ ರಕ್ಷಣೆಯ ಕಾಯ್ದೆಯ ಮೊರೆಹೋಗಿ, 2024ರಲ್ಲಿ ಅದರಿಂದ ಹೊರಬಂದಿತು. ಒಂದು ಮಿಲಿಮೀಟರಿಗಿಂತ ಚಿಕ್ಕ ಬಿರುಕು ದೊಡ್ಡ ಸಂಸ್ಥೆಯನ್ನೇ ನಡುಗಿಸಿತೆಂದರೆ, ತೂತು ಕೊರೆಯುವ ಯಂತ್ರದ ಆಯ್ಕೆ ಎಷ್ಟು ಗಂಭೀರ ವಿಷಯವೆಂದು ಬೇರೆ ಹೇಳಬೇಕಾಗಿಲ್ಲ.

ಯಂತ್ರಕ್ಕೆ ಮುನ್ನ ವಿಮಾನ

ಅಂಗಡಿಗೆ ಹೋಗುವ ಮುನ್ನ ನಿರ್ಧಾರವಾಗಬೇಕಾದುದು ವಿಮಾನ ಯಾವುದರಿಂದ ತಯಾರಾಗುತ್ತದೆ ಎಂಬುದು. ಮರದ ವಿಮಾನಕ್ಕೆ ಬೇಕಾಗುವ ಯಂತ್ರಗಳು ಬೇರೆ, ಫೈಬರ್ ಗ್ಲಾಸಿನದಕ್ಕೆ ಬೇರೆ.

ಮಿನೆಸೋಟ ರಾಜ್ಯದ ಬರ್ನಾರ್ಡ್ ಪೀಟನ್‌ಪಾಲ್ 1920ರ ದಶಕದ ಕೊನೆಯಲ್ಲಿ ಫೋರ್ಡ್ ಕಾರಿನ ಎಂಜಿನ್ನಿಟ್ಟು ಹಾರಿಸಿದ 'ಏರ್ ಕ್ಯಾಂಪರ್' ವಿಮಾನವನ್ನು ಜನ ಇಂದಿಗೂ ಅದೇ ನಕ್ಷೆಯಿಂದ ಕಟ್ಟುತ್ತಾರೆ. ಇಂಥ ಮರದ ವಿಮಾನಕ್ಕೆ ಒಂದು ಬ್ಯಾಂಡ್ ಸಾ, ಒಂದು ಉಜ್ಜುವ ಯಂತ್ರ, ಒಂದು ಡ್ರಿಲ್, ಉಳಿದಂತೆ ಬಡಗಿಯ ಕೈಸಾಮಾನು ಮತ್ತು ಲೆಕ್ಕವಿಲ್ಲದಷ್ಟು ಕ್ಲಾಂಪ್‌ಗಳು ಸಾಕು. ಉಕ್ಕಿನ ಕೊಳವೆಯ ಚೌಕಟ್ಟಾದರೆ ವೆಲ್ಡಿಂಗ್ ಅನಿವಾರ್ಯ. ಒಂದು ಕೊಳವೆಯ ತುದಿ ಇನ್ನೊಂದರ ಮೈಗೆ ಬಿಗಿಯಾಗಿ ಕೂರುವಂತೆ ಮೀನಿನ ಬಾಯಿಯಾಕಾರದಲ್ಲಿ ಅದನ್ನು ತಿದ್ದಲು ಬೆಂಚ್ ಗ್ರೈಂಡರ್ ಬೇಕು.

ಫೈಬರ್ ಗ್ಲಾಸಿನ ಕಥೆ ಸ್ವಾರಸ್ಯಕರ. ಬರ್ಟ್ ರುಟಾನ್ 1970ರ ದಶಕದಲ್ಲಿ 'ವ್ಯಾರಿಈಜಿ', ಬಳಿಕ 'ಲಾಂಗ್‌ಈಜಿ' ವಿಮಾನಗಳ ನಕ್ಷೆ ಮಾರಲಾರಂಭಿಸಿದಾಗ ಗ್ಯಾರೇಜಿನ ಚಿತ್ರವೇ ಬದಲಾಯಿತು. ಹಗುರವಾದ ಫೋಮ್ ದಿಮ್ಮಿಯನ್ನು ವಿದ್ಯುತ್ತಿನಿಂದ ಕಾದ ತಂತಿಯಿಂದ ಬೆಣ್ಣೆಯಂತೆ ಕೊಯ್ದು, ಮೇಲೆ ಗಾಜಿನ ಬಟ್ಟೆ ಹೊದಿಸಿ, ರಾಳ ಬಳಿದರೆ ರೆಕ್ಕೆ ಸಿದ್ಧ! ಇಲ್ಲಿ ಯಂತ್ರಕ್ಕಿಂತ ಕತ್ತರಿ, ಕುಂಚ, ತಕ್ಕಡಿಗಳೇ ಮುಖ್ಯ. ಆದರೆ ನೆನಪಿಡಬೇಕಾದ ಒಂದು ಮಾತಿದೆ. ಕಾದ ತಂತಿ ಸಲ್ಲುವುದು ಪಾಲಿಸ್ಟೈರೀನ್ ಫೋಮ್‌ಗೆ ಮಾತ್ರ. ಯುರೆಥೇನ್ ಫೋಮನ್ನು ಹಾಗೆ ಕೊಯ್ದರೆ ವಿಷಾನಿಲ ಹೊರಡುತ್ತದೆ. ಅದನ್ನು ಚಾಕುವಿನಿಂದ, ಉಪ್ಪುಕಾಗದದಿಂದಲೇ ತಿದ್ದಬೇಕು. ಗಟ್ಟಿಯಾದ ಗಾಜಿನ ಬಟ್ಟೆಯನ್ನು ಯಂತ್ರದಿಂದ ಉಜ್ಜುವವರಿಗೆ ಧೂಳು ಹೀರುವ ವ್ಯಾಕ್ಯೂಮ್ ಹಾಗೂ ಒಳ್ಳೆಯ ಮುಖವಾಡ ಡ್ರಿಲ್‌ಗಿಂತಲೂ ಮೊದಲಿನ ಖರೀದಿಯಾಗಬೇಕು.

ಆದರೂ ಅಮೆರಿಕದ ಗ್ಯಾರೇಜುಗಳಲ್ಲಿ ಇಂದು ಮೇಲುಗೈ ಅಲ್ಯುಮಿನಿಯಂ ತಗಡಿನದ್ದೇ. ಯಂತ್ರಗಳ ಕುರಿತ ಗೊಂದಲ ಹೆಚ್ಚಿರುವುದೂ ಅಲ್ಲಿಯೇ. ಹಾಗಾಗಿ ಮುಂದಿನ ವಿವರಗಳೆಲ್ಲ ಬಹುಪಾಲು ತಗಡಿನ ವಿಮಾನಕ್ಕೆ ಸಂಬಂಧಿಸಿದವು.

ಗಾಳಿಯೇ ಗುರು

ತಗಡಿನ ವಿಮಾನದ ಕಾರ್ಯಾಗಾರದ ಹೃದಯ ಏರ್ ಕಂಪ್ರೆಸರ್. ಪಂಕ್ಚರ್ ಅಂಗಡಿಯಲ್ಲಿ ಎಲ್ಲರೂ ಕಂಡಿರುವ ಯಂತ್ರವೇ ಇದು. ಆದರೆ ಆಯ್ಕೆ ಮಾಡುವಾಗ ಹೆಚ್ಚಿನವರು ನೋಡುವುದು ಅಶ್ವಶಕ್ತಿಯನ್ನು. ನೋಡಬೇಕಾದುದು 90 ಪಿಎಸ್‌ಐ ಒತ್ತಡದಲ್ಲಿ ಅದು ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಕೊಡಬಲ್ಲದೆಂಬುದನ್ನು. ರಿವೆಟ್ ಗನ್ನು ಕ್ಷಣಕಾಲ ಬಡಿದು ಸುಮ್ಮನಾಗುವುದರಿಂದ ಅದಕ್ಕೆ ಹೆಚ್ಚು ಗಾಳಿ ಬೇಡ. ಸತತವಾಗಿ ತಿರುಗುವ ಡ್ರಿಲ್‌ಗೆ ಅದಕ್ಕಿಂತ ಜಾಸ್ತಿ ಬೇಕು. ಗಾಳಿಯಿಂದ ನಡೆಯುವ ಉಜ್ಜುವ ಯಂತ್ರ, ಡೈ ಗ್ರೈಂಡರ್‌ಗಳಂತೂ ಬಕಾಸುರರು. ನಿಮಿಷಕ್ಕೆ ನಾಲ್ಕೈದು ಘನ ಅಡಿ ಕೊಡುವ, 20 ಗ್ಯಾಲನ್ ಅಂದರೆ ಸುಮಾರು 75 ಲೀಟರ್ ತೊಟ್ಟಿಯ ಕಂಪ್ರೆಸರ್ ಬಹುತೇಕರಿಗೆ ಸಾಕು. ಬಣ್ಣವನ್ನೂ ಮನೆಯಲ್ಲೇ ಬಳಿಯುವವರು ಮಾತ್ರ ಇದಕ್ಕಿಂತ ದೊಡ್ಡದನ್ನು ಯೋಚಿಸಬಹುದು.

ಎಣ್ಣೆ ಬೇಡದ, ಮೋಟರಿಗೇ ನೇರವಾಗಿ ಜೋಡಿಸಿದ ಕಂಪ್ರೆಸರ್ ಅಗ್ಗ. ಆದರೆ ಅದರ ಗದ್ದಲ ಅಸಹನೀಯ. ಬೆಲ್ಟಿನಿಂದ ತಿರುಗುವ, ಎಣ್ಣೆ ಹಾಕುವ ಮಾದರಿ ದುಬಾರಿಯಾದರೂ ಶಾಂತ ಹಾಗೂ ದೀರ್ಘಾಯು. ಮನೆಗೆ ಅಂಟಿಕೊಂಡ ಗ್ಯಾರೇಜಿನಲ್ಲಿ, ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿರುವಾಗ, ರಾತ್ರಿ ಒಂಬತ್ತರ ನಂತರವೂ ಕೆಲಸ ಸಾಗಬೇಕೆಂದರೆ ಈ ವ್ಯತ್ಯಾಸವೇ ವಿಮಾನ ಮುಗಿಯುವುದೋ ಇಲ್ಲವೋ ಎಂಬುದನ್ನು ನಿರ್ಧರಿಸಬಹುದು. ಸಾವಿರದೈನೂರು, ಎರಡು ಸಾವಿರ ಗಂಟೆಗಳ ಕೆಲಸವಿದು. ಮನೆಯವರ ಸಹನೆಯೂ ಒಂದು ಉಪಕರಣವೇ ಸರಿ! ತೊಟ್ಟಿಯ ತಳದಲ್ಲಿ ಸೇರುವ ನೀರನ್ನು ಆಗಾಗ ಬಸಿಯುವುದು, ಉಪಕರಣಕ್ಕೆ ದಿನಕ್ಕೆರಡು ಹನಿ ಎಣ್ಣೆ ಬಿಡುವುದು, ಬಣ್ಣ ಬಳಿಯಲು ಎಣ್ಣೆ ಸೋಕದ ಪ್ರತ್ಯೇಕ ಕೊಳವೆ ಇಡುವುದು ಇವು ಮರೆಯಬಾರದ ಸಣ್ಣ ಸಂಗತಿಗಳು.

ಡ್ರಿಲ್: ಗಾಳಿಯದೋ ಬ್ಯಾಟರಿಯದೋ?

ಇಂದಿನ ಬ್ಯಾಟರಿ ಡ್ರಿಲ್‌ಗಳು ಉತ್ತಮವಾಗಿವೆ, ಹೆಚ್ಚಿನವರ ಮನೆಯಲ್ಲಿ ಈಗಾಗಲೇ ಇವೆ. ಹಾಗಿದ್ದರೆ ಗಾಳಿಯ ಡ್ರಿಲ್ ಏಕೆ? ಉತ್ತರ ವೇಗ ಮತ್ತು ತೂಕದಲ್ಲಿದೆ. ಗೋಡೆಗೆ ಮೊಳೆ ಹೊಡೆಯಲು ಮಾಡಿದ ಬ್ಯಾಟರಿ ಡ್ರಿಲ್ ಸಾಮಾನ್ಯವಾಗಿ ನಿಮಿಷಕ್ಕೆ 1,500ರಿಂದ 2,000 ಸುತ್ತು ತಿರುಗುತ್ತದೆ. ಅದರ ಬಲವಿರುವುದು ತಿರುಚುವ ಶಕ್ತಿಯಲ್ಲಿ. ಅರ್ಧ ಮಿಲಿಮೀಟರ್ ದಪ್ಪದ ಅಲ್ಯುಮಿನಿಯಂ ತಗಡಿಗೆ ಬಲ ಬೇಡ, ವೇಗ ಬೇಕು. 2,500ರಿಂದ 3,000 ಸುತ್ತಿನ ಗಾಳಿಯ ಡ್ರಿಲ್ ತಗಡನ್ನು ಎಳೆದಾಡದೆ ಸ್ವಚ್ಛವಾಗಿ ಕೊರೆಯುತ್ತದೆ. ಜತೆಗೆ ಅಂಗೈಯಲ್ಲಿ ಹಿಡಿದರೆ ಹಕ್ಕಿಯಷ್ಟು ಹಗುರ. ಕುದುರೆಯನ್ನು ಒತ್ತಿದಂತೆ ವೇಗ ನಯವಾಗಿ ಏರುತ್ತದೆ. ದಿನಕ್ಕೆ ಮುನ್ನೂರು ತೂತು ಕೊರೆಯುವ ಕೈ ದಣಿದಾಗ ಡ್ರಿಲ್ ಓರೆಯಾಗುತ್ತದೆ, ತೂತು ದುಂಡಗಿರುವ ಬದಲು ಮೊಟ್ಟೆಯಾಕಾರ ತಾಳುತ್ತದೆ. ಹಗುರವಾದ ಉಪಕರಣ ಸೌಕರ್ಯವಷ್ಟೇ ಅಲ್ಲ, ಸುರಕ್ಷತೆಯೂ ಹೌದು.

ಆದರೆ ಒಂದು ತಿದ್ದುಪಡಿ ಅಗತ್ಯ. ಹಿಂದೆ ತಗಡಿನ ಪ್ರತಿ ತೂತನ್ನೂ ಅಳೆದು, ಗುರುತಿಸಿ, ಕೊರೆಯಬೇಕಿತ್ತು. ಈಗಿನ ಕಿಟ್‌ಗಳಲ್ಲಿ ಗಣಕಯಂತ್ರ ನಿಯಂತ್ರಿತ ಪಂಚ್ ಮೊದಲೇ ತೂತುಗಳನ್ನು ಮಾಡಿರುತ್ತದೆ. ಆರ್‌ವಿ-14ರಂಥ ಹೊಸ ಮಾದರಿಗಳಲ್ಲಿ ಅನೇಕ ತೂತುಗಳು ಅಂತಿಮ ಅಳತೆಯಲ್ಲೇ ಬರುತ್ತವೆ. ಆರ್‌ವಿ-12, ಜೆನಿತ್ ಮಾದರಿಗಳಲ್ಲಿ ಬಹುಪಾಲು ರಿವೆಟ್‌ಗಳು ಒಂದೇ ಬದಿಯಿಂದ ಎಳೆದು ಕೂರಿಸುವ ಪಾಪ್ ರಿವೆಟ್‌ಗಳು. ಇಂಥ ವಿಮಾನ ಆರಿಸಿಕೊಂಡವರಿಗೆ ಮನೆಯಲ್ಲಿರುವ ಬ್ಯಾಟರಿ ಡ್ರಿಲ್ ಧಾರಾಳ ಸಾಕು. ಮೂವತ್ತು ವರ್ಷ ಹಳೆಯ ಸಲಹಾಪಟ್ಟಿಯನ್ನು ಕಣ್ಣುಮುಚ್ಚಿ ಅನುಸರಿಸಿ ಎರಡೆರಡು ಗಾಳಿಯ ಡ್ರಿಲ್ ಕೊಳ್ಳುವುದು ಶುದ್ಧ ದುಂದು.

ಡ್ರಿಲ್‌ಗಿಂತ ಮುಖ್ಯವಾದುದು ಅದರ ತುದಿಯ ಬೈರಿಗೆ. 3/32 ಅಂಗುಲದ ರಿವೆಟ್‌ಗೆ 40ನೇ ಸಂಖ್ಯೆಯ ಬೈರಿಗೆ, 1/8 ಅಂಗುಲದ್ದಕ್ಕೆ 30ನೇ ಸಂಖ್ಯೆಯದು. ಮಿಲಿಮೀಟರ್ ಲೆಕ್ಕದಲ್ಲಿ ಇವು ಸುಮಾರು 2.5 ಮತ್ತು 3.3. ಅಂಗಡಿಯಲ್ಲಿ ಸಿಗುವ ನೂರು ತುಂಡುಗಳ ಪೆಟ್ಟಿಗೆ ಬೇಡ. ಈ ಎರಡೇ ಅಳತೆಯ ಉತ್ತಮ ಬೈರಿಗೆಗಳನ್ನು ಡಜನ್‌ಗಟ್ಟಲೆ ತಂದಿಟ್ಟುಕೊಂಡು, ಮೊಂಡಾದ ತಕ್ಷಣ ಎಸೆಯುವುದೇ ಜಾಣತನ. ಮೊಂಡು ಬೈರಿಗೆ ತಗಡನ್ನು ಕೊರೆಯುವುದಿಲ್ಲ, ಉಜ್ಜಿ ಕಾಯಿಸಿ ಹರಿಯುತ್ತದೆ. ಹತ್ತು ರೂಪಾಯಿ ಉಳಿಸಲು ಹೋಗಿ ಹತ್ತು ಸಾವಿರದ ತಗಡನ್ನು ಹಾಳುಮಾಡಿಕೊಂಡಂತೆ.

ಬಡಿಯುವುದೋ ಹಿಂಡುವುದೋ?

ರಿವೆಟ್ ಕೂರಿಸಲು ಎರಡು ಮಾರ್ಗಗಳು. ಒಂದು, ಗಾಳಿಯ ಗನ್ನಿನಿಂದ ತಲೆಯನ್ನು ಬಡಿದು, ಹಿಂಬದಿಯಲ್ಲಿ ಭಾರವಾದ ಉಕ್ಕಿನ ಗಟ್ಟಿ ಹಿಡಿದು ಬಾಲವನ್ನು ಚಪ್ಪಟೆಯಾಗಿಸುವುದು. ಕಮ್ಮಾರನ ಅಡಿಗಲ್ಲಿನ ತತ್ವವೇ ಇದು. ಇನ್ನೊಂದು, ಸ್ಕ್ವೀಜರ್ ಎಂಬ ಇಕ್ಕಳದ ದವಡೆಗಳ ನಡುವೆ ರಿವೆಟನ್ನು ಹಿಂಡುವುದು. ಸರಿಯಾಗಿ ಕುಳಿತ ರಿವೆಟ್‌ನ ಬಾಲ ಅದರ ವ್ಯಾಸದ ಒಂದೂವರೆ ಪಟ್ಟು ಅಗಲ, ಅರ್ಧ ಪಟ್ಟು ಎತ್ತರ ಇರಬೇಕು. ಅಂದರೆ 1/8 ಅಂಗುಲದ ರಿವೆಟ್‌ಗೆ ಸುಮಾರು 4.8 ಮಿಲಿಮೀಟರ್ ಅಗಲ, 1.6 ಮಿಲಿಮೀಟರ್ ಎತ್ತರ.

ಗನ್ನುಗಳಿಗೆ 2ಎಕ್ಸ್, 3ಎಕ್ಸ್ ಎಂಬ ಅಳತೆಗಳಿವೆ. ದೊಡ್ಡ ಸಂಖ್ಯೆಯದ್ದು ನಿಧಾನವಾಗಿ, ಬಲವಾಗಿ ಬಡಿಯುತ್ತದೆ. ರಿವೆಟ್ ಪ್ರತಿ ಏಟಿಗೂ ಗಡುಸಾಗುತ್ತ ಹೋಗುವುದರಿಂದ ಹಲವಾರು ಸಣ್ಣ ಏಟುಗಳಿಗಿಂತ ಕೆಲವೇ ದೃಢ ಏಟುಗಳು ಮೇಲು. ಆದ್ದರಿಂದ ಈ ಗಾತ್ರದ ವಿಮಾನಗಳಿಗೆ 3ಎಕ್ಸ್ ಗನ್ನೇ ರೂಢಿ. ಆದರೆ ಗನ್ನಿನ ಗುಣವೆಲ್ಲ ಅದರ ಕುದುರೆಯ ನಯದಲ್ಲಿದೆ. ಅಗ್ಗದ ಗನ್ನು ಸುಮ್ಮನಿದ್ದು ಒಮ್ಮೆಗೇ ಭುಗಿಲೆದ್ದು ಬಡಿದರೆ ತಗಡಿನ ಮೇಲೆ ಅರ್ಧಚಂದ್ರಾಕಾರದ ಗಾಯ ಶಾಶ್ವತ. ಇಡೀ ಪಟ್ಟಿಯಲ್ಲಿ ಜಿಪುಣತನ ತೋರಬಾರದ ವಸ್ತು ಯಾವುದೆಂದರೆ ಇದೇ. ಗನ್ನಿನ ಬುಡದಲ್ಲಿ ಒತ್ತಡ ನಿಯಂತ್ರಕವೊಂದನ್ನು ಜೋಡಿಸಿ, ಚಿಕ್ಕ ರಿವೆಟ್‌ಗೆ 30 ಪಿಎಸ್‌ಐ ಆಸುಪಾಸು, ದೊಡ್ಡದಕ್ಕೆ 40ರ ಆಸುಪಾಸು ಇಟ್ಟು, ಮೊದಲು ಚಿಂದಿ ತಗಡಿನ ಮೇಲೆ ಪರೀಕ್ಷಿಸುವುದು ಕ್ರಮ.

ಹಿಂಡುವ ಕೆಲಸಕ್ಕೆ ಕೈಯ ಸ್ಕ್ವೀಜರ್ ಸಾಕು. ಗಾಳಿಯ ಸ್ಕ್ವೀಜರ್ ಒಂದು ವೈಭೋಗ. ಬಳಸಿದವರು ಅದನ್ನು ಬಿಟ್ಟುಕೊಡಲಾರರು, ಏಕೆಂದರೆ ಪ್ರತಿ ರಿವೆಟೂ ಒಂದೇ ಅಚ್ಚಿನಂತೆ ಕೂರುತ್ತದೆ. ಆದರೆ ಬೆಲೆ ಗನ್ನಿಗಿಂತ ಎಷ್ಟೋ ಹೆಚ್ಚು. ಎರವಲು ಸಿಗುವುದಾದರೆ ಎರವಲೇ ಲೇಸು.

ಇನ್ನು ಸಮತಲದ ತಲೆಯ ರಿವೆಟ್‌ಗಳ ಪ್ರಶ್ನೆ. ಗಾಳಿ ಜಾರಿಹೋಗಲೆಂದು ರೆಕ್ಕೆಯ ಮೇಲಿನ ರಿವೆಟ್‌ಗಳ ತಲೆ ತಗಡಿನ ಮಟ್ಟಕ್ಕೇ ಕೂರಬೇಕು. ಸುಮಾರು 0.8 ಮಿಲಿಮೀಟರಿಗಿಂತ ತೆಳುವಾದ ತಗಡನ್ನು ಕೊರೆಯುವಂತಿಲ್ಲ, ಅಚ್ಚುಗಳ ನಡುವೆ ಒತ್ತಿ ತಗ್ಗು ಮಾಡಬೇಕು. ಅಲೋಹಾ ದುರಂತದ 'ಚಾಕುವಿನಲಗು' ನೆನಪಿದ್ದವರಿಗೆ ಇದರ ಕಾರಣ ವಿವರಿಸಬೇಕಿಲ್ಲ. ಈ ಕೆಲಸಕ್ಕೆ ಸುತ್ತಿಗೆಯಿಂದ ಬಡಿಯುವ ಸಿ ಆಕಾರದ ಚೌಕಟ್ಟು ಇದೆ, ಸನ್ನೆಗೋಲಿನಿಂದ ಸದ್ದಿಲ್ಲದೆ ಒತ್ತುವ ಮಾದರಿಯೂ ಇದೆ. ಎರಡಕ್ಕೂ ವಿದ್ಯುತ್ ಬೇಡ. ಫಲಿತಾಂಶದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ನೆರೆಹೊರೆಯವರ ನಿದ್ದೆಯಲ್ಲಿ ಇದೆ.

ಗರಗಸ ಮತ್ತು ಚಕ್ರ

ನೆಲದ ಮೇಲೆ ನಿಲ್ಲುವ ಯಂತ್ರಗಳಲ್ಲಿ ಒಂದನ್ನೇ ಕೊಳ್ಳಬೇಕೆಂದರೆ ಅದು ಬ್ಯಾಂಡ್ ಸಾ ಆಗಲಿ. ಮರಕ್ಕೆಂದು ಮಾಡಿದ ಸಣ್ಣ ಬ್ಯಾಂಡ್ ಸಾಕ್ಕೆ ಸಣ್ಣ ಹಲ್ಲಿನ ಅಲಗು ಹಾಕಿದರೆ ಅಲ್ಯುಮಿನಿಯಂ ಸಲೀಸಾಗಿ ತುಂಡಾಗುತ್ತದೆ. ಉಕ್ಕಿಗೆ ಈ ಮಾತು ಸಲ್ಲದು. ಅದಕ್ಕೆ ಹತ್ತಾರು ಪಟ್ಟು ನಿಧಾನದ ವೇಗ ಬೇಕು, ಇಲ್ಲವಾದರೆ ಅಲಗಿನ ಹಲ್ಲುಗಳು ನಿಮಿಷದಲ್ಲಿ ಸುಟ್ಟುಹೋಗುತ್ತವೆ. ಕಿಟ್‌ನಲ್ಲಿ ಬರುವ ಉಕ್ಕಿನ ಭಾಗಗಳು ಬಹುತೇಕ ಸಿದ್ಧವಾಗಿಯೇ ಇರುವುದರಿಂದ ಉಳಿದ ಚೂರುಪಾರಿಗೆ ಕೈಗರಗಸ ಸಾಕು.

ಕತ್ತರಿಸಿದ ಅಂಚನ್ನು ನುಣುಪು ಮಾಡಲು ಬೆಂಚ್ ಗ್ರೈಂಡರ್ ಬೇಕು, ಆದರೆ ಅದರ ಜತೆ ಬರುವ ಕಲ್ಲಿನ ಚಕ್ರ ಬೇಡ. ಮೆದುವಾದ ಅಲ್ಯುಮಿನಿಯಂ ಕಲ್ಲಿನ ರಂಧ್ರಗಳಲ್ಲಿ ಮೆತ್ತಿಕೊಂಡು, ಕಲ್ಲು ಕಾದು ಸಿಡಿಯುವ ಭಯವಿದೆ. ಒಂದೇ ಚಕ್ರದಲ್ಲಿ ಅಲ್ಯುಮಿನಿಯಂ ಹಾಗೂ ಉಕ್ಕು ಎರಡನ್ನೂ ಉಜ್ಜಿದರೆ ಅಲ್ಯುಮಿನಿಯಂ ಧೂಳು ಮತ್ತು ತುಕ್ಕಿನ ಮಿಶ್ರಣಕ್ಕೆ ಕಿಡಿ ತಗುಲಿ ಬೆಂಕಿ ಹೊತ್ತಿಕೊಳ್ಳಬಹುದು. ಕಲ್ಲಿನ ಬದಲು ಸ್ಕಾಚ್‌ಬ್ರೈಟ್ ಮಾದರಿಯ ನಾರಿನ ಚಕ್ರ ಹಾಕಿದರೆ ಅಂಚು ಕನ್ನಡಿಯಂತಾಗುತ್ತದೆ. ಅಡುಗೆಮನೆಯ ಪಾತ್ರೆ ಉಜ್ಜುವ ಹಸಿರು ತುಂಡಿನ ದೊಡ್ಡಣ್ಣ ಇದು ಎನ್ನಬಹುದು. ದುಬಾರಿಯಾದರೂ ಒಂದು ಚಕ್ರ ಇಡೀ ವಿಮಾನಕ್ಕೆ ಬಹುಮಟ್ಟಿಗೆ ಸಾಲುತ್ತದೆ. ಚಕ್ರದ ಮೇಲೆ ಬರೆದಿರುವ ವೇಗಮಿತಿ ಗ್ರೈಂಡರಿನ ವೇಗಕ್ಕಿಂತ ಹೆಚ್ಚಿದೆಯೇ ಎಂದು ನೋಡಿಯೇ ಹಾಕಬೇಕು. ಮೇಜಿನ ಮೇಲಿಡುವ ಸಣ್ಣ ಡ್ರಿಲ್ ಪ್ರೆಸ್ ಇದ್ದರೆ ಅನುಕೂಲ. ಅದರ ಮುಂದೆ ಕೈಗವಸು ತೊಡುವುದು ಮಾತ್ರ ಸಲ್ಲದು, ತಿರುಗುವ ಬೈರಿಗೆ ಬಟ್ಟೆಯ ಜತೆ ಬೆರಳನ್ನೂ ಎಳೆದುಕೊಳ್ಳುತ್ತದೆ.

ಲೇಥು, ಮಿಲ್ಲಿಂಗ್ ಯಂತ್ರ, ಟೇಬಲ್ ಸಾ ಇವೆಲ್ಲ ಕಿಟ್ ವಿಮಾನಕ್ಕೆ ಬೇಡವೇ ಬೇಡ. ಇಲ್ಲಿ ರೈಟ್ ಸಹೋದರರನ್ನು ನೆನೆಯದಿರಲಾಗದು. ಓಹಿಯೋದ ಡೇಟನ್ ಪಟ್ಟಣದ ಅವರ ಸೈಕಲ್ ಅಂಗಡಿಯಲ್ಲಿದ್ದುದು ಲೇಥು, ಡ್ರಿಲ್ ಪ್ರೆಸ್, ಬ್ಯಾಂಡ್ ಸಾಗಳಂಥ ಕೆಲವೇ ಯಂತ್ರಗಳು; ಅವನ್ನೆಲ್ಲ ತಿರುಗಿಸುತ್ತಿದ್ದುದು ಅವರೇ ತಯಾರಿಸಿದ ಒಂದು ಅನಿಲದ ಎಂಜಿನ್ನು, ಛಾವಣಿಯ ಕೆಳಗಿನ ದಂಡ ಮತ್ತು ಬೆಲ್ಟುಗಳ ಮೂಲಕ. ಅವರ ಸಹಾಯಕ ಚಾರ್ಲಿ ಟೇಲರ್ 1903ರ ವಿಮಾನದ ಎಂಜಿನ್ನನ್ನು ಅಲ್ಲೇ ಆರು ವಾರಗಳಲ್ಲಿ ಕಟ್ಟಿದ. ಉಕ್ಕಿನ ಹಲಗೆಯ ಮೇಲೆ ಕ್ರ್ಯಾಂಕ್ ದಂಡದ ಚಿತ್ರ ಬರೆದು, ಗೆರೆಯುದ್ದಕ್ಕೂ ಸಾಲಾಗಿ ತೂತು ಕೊರೆದು, ಹೆಚ್ಚುವರಿ ಲೋಹವನ್ನು ಉಳಿ ಸುತ್ತಿಗೆಯಿಂದ ಉದುರಿಸಿ, ಉಳಿದುದನ್ನು ಲೇಥಿನಲ್ಲಿ ತಿರುಗಿಸಿದ! ಆ ಅಂಗಡಿಯನ್ನು ಹೆನ್ರಿ ಫೋರ್ಡ್ ಬಳಿಕ ಮಿಷಿಗನ್‌ಗೆ ಸಾಗಿಸಿ ಸಂರಕ್ಷಿಸಿದ; ಇಂದಿಗೂ ಅದನ್ನು ನೋಡಬಹುದು.

ಯಂತ್ರ ಸಲ್ಲದ ಜಾಗ

ವಿಚಿತ್ರವೆಂದರೆ ವಿಮಾನದ ಆಯುಷ್ಯವನ್ನು ನಿರ್ಧರಿಸುವ ಕೆಲಸಕ್ಕೆ ಯಂತ್ರವೇ ಬೇಡ. ಕೊರೆದ ತೂತಿನ ಅಂಚಿನ ಮುಳ್ಳನ್ನು ತೆಗೆಯಲು ಕೈಯಲ್ಲಿ ತಿರುಗಿಸುವ ಸಣ್ಣ ಕಟ್ಟರ್ ಸಾಕು, ಎರಡು ಮೂರು ಮೆದುವಾದ ಸುತ್ತು. ವೇಗದ ಡ್ರಿಲ್‌ಗೆ ಅದನ್ನು ಸಿಕ್ಕಿಸಿದರೆ ಕ್ಷಣಾರ್ಧದಲ್ಲಿ ಮುಳ್ಳಿನ ಜತೆ ತಗಡೂ ಹೋಗಿ ಮತ್ತದೇ ಚಾಕುವಿನಲಗು ಉಳಿಯುತ್ತದೆ. ಅಂತೆಯೇ ತಗಡಿನ ಅಂಚುಗಳಿಗೆ ಅರವೇ ಶ್ರೇಷ್ಠ. ಅಳತೆ ಗುರುತಿಸಲು ಸೀಸದ ಕಡ್ಡಿ ಬಳಸಬಾರದೆಂಬುದೂ ಈ ವಲಯದ ಹಳೆಯ ಕಟ್ಟಳೆ. ಅದರಲ್ಲಿರುವ ಗ್ರಾಫೈಟ್ ಅಲ್ಯುಮಿನಿಯಂ ಅನ್ನು ತಿನ್ನುತ್ತದೆ. ತೆಳು ತುದಿಯ ಮಾರ್ಕರ್ ಪೆನ್ನು ಸುರಕ್ಷಿತ.

ಎಲ್ಲವನ್ನೂ ಒಮ್ಮೆಗೇ ಕೊಳ್ಳಬೇಕಾದ ಅಗತ್ಯವೂ ಇಲ್ಲ. ಕಿಟ್‌ಗಳು ಭಾಗಭಾಗವಾಗಿ ಮಾರಾಟವಾಗುತ್ತವೆ. ಮೊದಲು ಬರುವುದು ಬಾಲ. ಬಾಲಕ್ಕೂ ಮುನ್ನ ಅಭ್ಯಾಸಕ್ಕೆಂದೇ ಸಿಗುವ ಸಣ್ಣ ಕಿಟ್ ತರಿಸಿ, ಸಂಘದ ಸ್ಥಳೀಯ ಶಾಖೆಯವರಿಂದ ಗನ್ನು, ಸ್ಕ್ವೀಜರ್ ಎರವಲು ಪಡೆದು ಒಂದು ವಾರಾಂತ್ಯ ಕೈ ಪಳಗಿಸಿದರೆ, ಯಾವುದು ತನ್ನ ಕೈಗೆ ಒಗ್ಗುತ್ತದೆಂಬುದು ಖರ್ಚಿಲ್ಲದೆ ತಿಳಿಯುತ್ತದೆ. ಸಂಘದ ತಾಂತ್ರಿಕ ಸಲಹೆಗಾರರು ಕೇಳಿಕೊಂಡರೆ ಗ್ಯಾರೇಜಿಗೇ ಬಂದು ರಿವೆಟ್‌ಗಳನ್ನು ನೋಡಿ ಹೇಳುತ್ತಾರೆ, ಅದೂ ಸ್ವಯಂಸೇವೆಯಾಗಿ. ಯಾವ ಯಂತ್ರವೂ ಕೊಡದ ಭರವಸೆಯಿದು. ಅಂತಿಮ ತಪಾಸಣೆಗೆ ಬರುವ ಅಧಿಕಾರಿಗೆ ಕೆಲಸ ತನ್ನದೇ ಎಂದು ತೋರಿಸಲು ಪ್ರತಿ ಹಂತದ ಛಾಯಾಚಿತ್ರ, ದಿನಚರಿ ಬೇಕಾಗುವುದರಿಂದ ಉಪಕರಣಗಳ ಪಟ್ಟಿಯಲ್ಲಿ ಕ್ಯಾಮೆರಾವನ್ನೂ ಸೇರಿಸಿಕೊಳ್ಳಬಹುದು.

ಬೆಂಗಳೂರಿನ ನಂಟು

ಈ ಗ್ಯಾರೇಜು ವಿದ್ಯೆಗೂ ಕರ್ನಾಟಕಕ್ಕೂ ನಿಜವಾದ ನಂಟೊಂದಿದೆ. ಹವ್ಯಾಸಿಗಳಿಗೆಂದು ರುಟಾನ್ ರೂಪಿಸಿದ ಲಾಂಗ್‌ಈಜಿ ವಿನ್ಯಾಸವನ್ನೇ ಆಧರಿಸಿ ಬೆಂಗಳೂರಿನ ಎನ್‌ಎಎಲ್ ಒಂದು ಪ್ರಾಯೋಗಿಕ ಲಘು ವಿಮಾನವನ್ನು ಕಟ್ಟಿ 1987ರಲ್ಲಿ ಹಾರಿಸಿತು. ಗಾಜಿನ ನಾರಿನ ತಂತ್ರವನ್ನು ಕೈಯಾರೆ ಕಲಿಯುವುದೇ ಅದರ ಉದ್ದೇಶಗಳಲ್ಲೊಂದು. ಆ ಸಂಸ್ಥೆಯ 'ಹಂಸ' ತರಬೇತಿ ವಿಮಾನ 1993ರಲ್ಲಿ ಮೊದಲ ಬಾರಿ ಹಾರಿತು.

ದೇಶದ ಹವ್ಯಾಸಿಗಳ ದಾರಿ ಮಾತ್ರ ಇಂದಿಗೂ ಸುಗಮವಲ್ಲ. ಮುಂಬೈನ ಪೈಲಟ್ ಅಮೋಲ್ ಯಾದವ್ ತಮ್ಮ ವಸತಿ ಕಟ್ಟಡದ ಮಹಡಿಯ ಮೇಲೆ ಆರು ಆಸನಗಳ ವಿಮಾನ ಕಟ್ಟಿದ್ದು, 2016ರ 'ಮೇಕ್ ಇನ್ ಇಂಡಿಯಾ' ಮೇಳದಲ್ಲಿ ಅದು ಎಲ್ಲರ ಗಮನ ಸೆಳೆದದ್ದು, ಹಲವು ವರ್ಷ ಕಾದ ಬಳಿಕ 2017ರಲ್ಲಿ ಅದಕ್ಕೆ ನೋಂದಣಿ ದೊರೆತದ್ದು ಓದುಗರಿಗೆ ನೆನಪಿರಬಹುದು.

ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಇಂಥ ಉಪಕರಣಗಳನ್ನು ಊರಿಗೆ ತರುವುದಾದರೆ ಗಮನಿಸಬೇಕಾದುದೊಂದಿದೆ. ಅಲ್ಲಿನ ಮನೆಗಳ ವಿದ್ಯುತ್ 120 ವೋಲ್ಟ್, 60 ಹರ್ಟ್ಸ್; ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ಟ್ರಾನ್ಸ್‌ಫಾರ್ಮರ್ ವೋಲ್ಟೇಜನ್ನು ಇಳಿಸುತ್ತದೆಯೇ ಹೊರತು ಹರ್ಟ್ಸನ್ನು ಬದಲಿಸುವುದಿಲ್ಲ. ಕಾರ್ಬನ್ ಬ್ರಷ್ಷಿನ ಕೈಡ್ರಿಲ್‌ಗೆ ಇದರಿಂದ ತೊಂದರೆಯಿಲ್ಲ. ಆದರೆ ಕಂಪ್ರೆಸರ್, ಬೆಂಚ್ ಗ್ರೈಂಡರ್, ಬ್ಯಾಂಡ್ ಸಾಗಳಲ್ಲಿರುವ ಇಂಡಕ್ಷನ್ ಮೋಟರ್ ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ಮಾತ್ರ ತಿರುಗುತ್ತದೆ, ಹೆಚ್ಚು ಬಿಸಿಯಾಗುತ್ತದೆ. ಅಂಥ ಭಾರದ ಯಂತ್ರಗಳನ್ನು ಇಲ್ಲಿಯೇ ಕೊಳ್ಳುವುದು ಸೂಕ್ತ. ಗಾಳಿಯ ಉಪಕರಣಗಳಿಗೆ ಈ ತಕರಾರೇ ಇಲ್ಲ, ಗಾಳಿ ಎಲ್ಲೆಡೆಯೂ ಒಂದೇ.

ವಿಮಾನ ಮುಗಿಸಿದವರು ಗನ್ನು, ಸ್ಕ್ವೀಜರ್‌ಗಳನ್ನು ಮುಂದಿನವರಿಗೆ ಮಾರುವುದು ವಾಡಿಕೆಯಾದ್ದರಿಂದ ಅಮೆರಿಕದಲ್ಲಿ ಹಳೆಯ ಉಪಕರಣಗಳಿಗೆ ಒಳ್ಳೆಯ ಮಾರುಕಟ್ಟೆಯಿದೆ. ಕೊಳ್ಳುವವರು ಡ್ರಿಲ್‌ನ ಬಾಯಿಗೆ ನೇರವಾದ ಬೈರಿಗೆ ಸಿಕ್ಕಿಸಿ, ನಿಧಾನವಾಗಿ ತಿರುಗಿಸಿ, ತುದಿ ಓಲಾಡುತ್ತದೆಯೇ ಎಂದು ನೋಡಬೇಕು. ಗನ್ನಿನ ಕುದುರೆಯನ್ನು ಕೂದಲೆಳೆಯಷ್ಟು ಒತ್ತಿ ಅದು ಮೆಲ್ಲಗೆ ಆರಂಭವಾಗುತ್ತದೆಯೇ ಎಂದು ಪರೀಕ್ಷಿಸಬೇಕು. ತಗ್ಗು ಒತ್ತುವ ಅಚ್ಚುಗಳ ಅಂಚನ್ನು ಉಗುರಿನಿಂದ ಸವರಿದಾಗ ಎಲ್ಲಾದರೂ ಕಚ್ಚು ತಾಕಿದರೆ, ಬೆಲೆ ಎಷ್ಟೇ ಅಗ್ಗವಿದ್ದರೂ ಅವನ್ನು ಅಲ್ಲಿಯೇ ಬಿಟ್ಟು ಬರುವುದು ಕ್ಷೇಮ. ಅಚ್ಚಿನ ಆ ಕಚ್ಚು ರೆಕ್ಕೆಯ ಪ್ರತಿ ತೂತಿನಲ್ಲೂ ಮೂಡುತ್ತದೆ.